ಇಣಿ ನೋಡಿ ಕುಲ ಹೇಳಬಹುದೆ?

ಕಾರಹುಣ್ಣಿಮೆಯ ಮಧ್ಯಾಹ್ನ ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆ ಹೊರಟರೆ, ದಾರಿಯ ಹಳ್ಳಿಗಳಲ್ಲಿ ಎತ್ತಿನ ಮೈ ತೊಳೆದ ನೀರು ಅಂಗಳದಿಂದ ಓಣಿಗೆ ಹರಿದಿರುತ್ತದೆ. ಕೋಡಿಗೆ ಬಣ್ಣ, ತುದಿಗೆ ಹಿತ್ತಾಳೆಯ ಕೋಡಣಸು, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಕನ್ನಡಿ ಹೊಲಿದ ಜೂಲ. ಮೆರವಣಿಗೆಗೆ ಇನ್ನೂ ಹೊತ್ತಿದೆ. ಗುಡಿಕಟ್ಟೆಯ ಮೇಲೆ ಕೂತವರಿಗೆ ಹಾದುಹೋಗುವ ಜೋಡಿಗಳ ಕುಲ ಹೇಳುವುದೇ ಕೆಲಸ.

"ಕಾಕಾ, ಇದು ಬಾಳಂಕ್ಯಾ ಏನ್ರಿ?"

"ಅಲ್ಲೋ ತಮ್ಮಾ, ವಣ್ಣೇರಾ. ಮಾರಿ ಕರ್ರಗ ಅದ, ಕಾಣವಲ್ದೇನು?"

ಇದು ದೇವಣಿ ತಳಿಯ ಸೀಮೆ. ಹೆಸರು ಕೊಟ್ಟ ದೇವಣಿ ಊರು ಈಗ ಲಾತೂರ್ ಜಿಲ್ಲೆಯಲ್ಲಿದೆ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು, ಕೊಟ್ಟಿಗೆಗಳಿಗೆ ಅದು ತಿಳಿಯಲಿಲ್ಲ. ಬಾಳಂಕ್ಯಾ, ವಣ್ಣೇರಾ ಎರಡೂ ದೇವಣಿಯದೇ ಬಗೆಗಳು; ಮೈತುಂಬ ಅಡ್ಡಾದಿಡ್ಡಿ ಕರಿ ಮಚ್ಚೆ ಇದ್ದರೆ ಅದು ಇನ್ನೊಂದು ಬಗೆ, ಶೇವರಾ. ಉಬ್ಬಿದ ಹಣೆ, ಜೋಲುಗಿವಿ ಕಂಡವರು ಗುಜರಾತಿನ ಗೀರ್ ತಳಿಯನ್ನು ನೆನೆಯುತ್ತಾರೆ. ಗೀರ್, ಡಾಂಗಿ ಮತ್ತು ಇಲ್ಲಿನ ನಾಟಿ ದನ ಬೆರೆತು ದೇವಣಿ ಆಯಿತೆಂಬುದು ತಳಿತಜ್ಞರೂ ಹೇಳುತ್ತ ಬಂದ ಮಾತು.

ಕಣ್ಣು ಹೇಳುವ ಈ ವಂಶಾವಳಿಯನ್ನು ಡಿಎನ್‌ಎ ಒಪ್ಪುತ್ತದೆಯೆ? ಎರಡು ಪ್ರಾಣಿಗಳ ಡಿಎನ್‌ಎಯ ಒಂದೇ ಭಾಗವನ್ನು ಪಕ್ಕಪಕ್ಕ ಇಟ್ಟು, ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳು ಎಲ್ಲೆಲ್ಲಿ ಬೇರೆಯಾಗಿವೆ ಎಂದು ಎಣಿಸುತ್ತಾರೆ. ವಚನದ ಕಟ್ಟುಗಳನ್ನು ನಕಲು ಮಾಡುವಾಗ ಒಬ್ಬ ಲಿಪಿಕಾರನ ತಪ್ಪು ಮುಂದಿನ ಪ್ರತಿಗಳಿಗೆಲ್ಲ ಇಳಿಯುತ್ತದಲ್ಲ, ಹಾಗೆಯೇ ಇದೂ. ವ್ಯತ್ಯಾಸ ಹೆಚ್ಚಿದಷ್ಟೂ ಕವಲೊಡೆದ ಕಾಲ ಹಿಂದಕ್ಕೆ ಹೋಗುತ್ತದೆ.

1994ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ರೊನಾನ್ ಲಾಫ್ಟಸ್ ಮತ್ತು ಸಂಗಡಿಗರು ತಾಯಿಯಿಂದ ಮಾತ್ರ ಇಳಿಯುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು 13 ತಳಿಗಳಲ್ಲಿ ಓದಿದರು: ಯುರೋಪಿನ 6, ಆಫ್ರಿಕದ 4, ಭಾರತದ 3. ಕಣ್ಣಿನ ಲೆಕ್ಕದಲ್ಲಿ, ನಮ್ಮ ದನಗಳಂತೆ ಹೆಗಲ ಮೇಲೆ ಇಣಿ ಇದ್ದವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ ಬೀಳಬೇಕಿತ್ತು. ಬೀಳಲಿಲ್ಲ. ಇಣಿ ಹೊತ್ತ ಆಫ್ರಿಕದ ದನಗಳು ತಾಯಿ ಕಡೆಯಿಂದ ಯುರೋಪಿನ ಬೋಳುಬೆನ್ನಿನವುಗಳ ಸಂಬಂಧಿಕರಾದವು. ಭಾರತದವು ಬೇರೆಯೇ ಕವಲು. ಈ ಎರಡು ಕವಲು ಒಡೆದದ್ದು ಕನಿಷ್ಠ 2 ಲಕ್ಷ ವರ್ಷಗಳ ಹಿಂದೆ. ದನ ಪಳಗಿಸಿದ್ದಕ್ಕೆ 10 ಸಾವಿರ ವರ್ಷ ಮಾತ್ರ. ಅಂದರೆ ನಮ್ಮ ದನಗಳನ್ನು ಬೇರೆ ಕಾಡುಹಿಂಡಿನಿಂದ, ಬೇರೆ ಜನ ಪಳಗಿಸಿದರು. ಆಫ್ರಿಕಕ್ಕೆ ಇಣಿ ಹೋದದ್ದು ಹೋರಿಗಳ ಮೂಲಕ. ಗಂಡಿನ ವೈ ವರ್ಣತಂತು ಮುಂದೆ ಅದನ್ನೂ ತೋರಿಸಿತು.

ನನಗೆ ಇದಕ್ಕಿಂತ ರುಚಿಸಿದ್ದು ಅದೇ ಅಧ್ಯಯನದ ಇನ್ನೊಂದು ಸಾಲಿನ ಸಂಗತಿ. ಭಾರತದ ದನಗಳ ನಡುವಿನ ಸರಾಸರಿ ವ್ಯತ್ಯಾಸ ಬರೀ ಶೇ 0.42; ಒಂದೊಂದು ತಳಿ ತನ್ನದೇ ಗುಂಪಾಗಿ ಕೂಡಲೇ ಇಲ್ಲ. ಖಂಡಗಳ ಕಥೆ ಬಿಡಿಸಿದ ಆ ಎಳೆಗೆ ತಳಿ ಗೊತ್ತಾಗುವುದಿಲ್ಲ. ಕಟ್ಟೆಯ ಕಾಕಾನಿಗೆ ಗೊತ್ತಾಗುತ್ತದೆ! ದೇವಣಿಯಲ್ಲಿ ಗೀರ್ ಎಷ್ಟು, ಡಾಂಗಿ ಎಷ್ಟು ಎಂದು ಕೇಳಿದರೆ ತಂದೆತಾಯಿ ಇಬ್ಬರಿಂದಲೂ ಬರುವ ಡಿಎನ್‌ಎಯನ್ನು ಸಾವಿರಾರು ಜಾಗಗಳಲ್ಲಿ ಹೋಲಿಸಬೇಕು. ಅದಕ್ಕೆ ಮೊದಲು ಹಳ್ಳಿಹಳ್ಳಿಗೆ ಹೋಗಿ, ರಕ್ತಸಂಬಂಧವಿಲ್ಲದ, ಬೆರಕೆಯಾಗದ ದನಗಳನ್ನು ಆರಿಸಿ ರಕ್ತ ತೆಗೆಯಬೇಕು. ಯಾವುದು ಬೆರಕೆ ಎಂದು ಆಗ ಕೇಳುವುದು ದನ ಸಾಕಿದವರನ್ನೇ.