ಚಿಪ್ಪು ಇದೆಯಲ್ಲ, ಏನಾಗತ್ತೆ?

ಅಬ್ಬಾಸಿಯಾದ ನಮ್ಮ ಮನೆಗೆ ಬಂದವರೆಲ್ಲ ಕೇಳ್ತಿದ್ದ ಪ್ರಶ್ನೆ ಒಂದೇ: "ಬೆಕ್ಕು ಆಮೆಗೆ ಏನೂ ಮಾಡಲ್ವಾ?" ನಮ್ಮ ಉತ್ತರವೂ ಒಂದೇ: "ಚಿಪ್ಪು ಇದೆಯಲ್ಲ, ಏನಾಗತ್ತೆ?" ಅದು ತಪ್ಪು ಉತ್ತರ ಅಂತ ಗೊತ್ತಾಗೋಕೆ ನಮಗೆ ಏಳು ತಿಂಗಳು ಬೇಕಾಯ್ತು. ಓದೋಕೆ ಅಂತ ಹೊರದೇಶಕ್ಕೆ ಬಂದು, ರೂಮಲ್ಲಿ ಬೇಜಾರಾಗಿ ಇವೆರಡನ್ನೂ ಒಟ್ಟಿಗೆ ಸಾಕ್ತಿರೋ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರಿಗಾಗಿ ಈ ಬರಹ.

ಅಬ್ಬಾಸಿಯಾ ಅಂದರೆ ಕುವೈತಿನ ಜಲೀಬ್ ಅಲ್ ಶುಯೂಖ್‌ನ ಒಂದು ಭಾಗ. ವಿಮಾನ ನಿಲ್ದಾಣಕ್ಕೆ ಹತ್ತಿರ, ಭಾರತೀಯರೇ ತುಂಬಿರುವ ಜಾಗ. ಅಲ್ಲಿ ಅಂಗಳ ಎಲ್ಲಿಂದ ಬರಬೇಕು? ಎರಡು ರೂಮು, ಒಂದು ಹಾಲ್, ಒಂದು ಚಿಕ್ಕ ಬಾಲ್ಕನಿ, ಅಷ್ಟೇ. ಆಮೆಯನ್ನು ಅಪ್ಪ ಅಲ್ ರಾಯ್‌ನ ಶುಕ್ರವಾರದ ಸಂತೆಯಿಂದ ತಂದಿದ್ದರು. ನೀರಾಮೆಯಲ್ಲ, ಅಂಗೈಯಗಲದ ನೆಲದಾಮೆ. ಬೆಕ್ಕನ್ನು ಯಾರೂ ತರಲಿಲ್ಲ. ಮೆಟ್ಟಿಲ ಮೇಲಿದ್ದದ್ದು ಒಂದು ದಿನ ಒಳಗೆ ಬಂತು, ಹೋಗಲೇ ಇಲ್ಲ.

ಊರಲ್ಲಾದರೆ ಒಂದು ಹಿತ್ತಿಲಲ್ಲಿ, ಇನ್ನೊಂದು ಅಟ್ಟದ ಮೇಲೆ ಇರ್ತಿತ್ತು. ಕುವೈತಿನ ಬೇಸಿಗೆ ಇಬ್ಬರನ್ನೂ ಒಂದೇ ಹಾಲಿಗೆ ತಂದು ಕೂರಿಸುತ್ತೆ. ಆ ದೇಶದ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ಅಂಥ ಕಡೆ ಬಾಲ್ಕನಿಯಲ್ಲಿ ಆಮೆ ಬಿಡೋದೂ ಒಂದೇ, ಕಾದ ಕಾವಲಿ ಮೇಲೆ ಇಡೋದೂ ಒಂದೇ. ಒಳಗೆ ತಂದರೆ ಎಸಿ. ಆಮೆಯ ಮೈಬಿಸಿ ಹೊರಗಿನದ್ದನ್ನೇ ಅವಲಂಬಿಸಿರುವುದರಿಂದ ತಣ್ಣಗಿನ ರೂಮಲ್ಲಿ ಅದು ಇನ್ನೂ ನಿಧಾನವಾಗುತ್ತೆ. ತಲೆ ಕಾಲು ಒಳಗೆಳೆದುಕೊಳ್ಳೋದೂ ತಡ, ಗಾಯ ಮಾಯೋದೂ ತಡ. ಅದಕ್ಕೇ ಬಿಸಿಯ ದೀಪ ಬೇಕು. ಆ ದೀಪದ ಕೆಳಗಿನ ಬೆಚ್ಚನೆ ಜಾಗ ಬೆಕ್ಕಿಗೂ ಪರಮಪ್ರಿಯ. ತಕರಾರು ಶುರುವಾಗೋದೇ ಅಲ್ಲಿ.

ಆರು ತಿಂಗಳು ಏನೂ ಆಗಲಿಲ್ಲ. ಬೆಕ್ಕು ಒಂದು ಸಲ ಮೂಸಿ ನೋಡಿ, ಇದ್ಯಾವುದೋ ಕಲ್ಲು ಅಂತ ಸುಮ್ಮನಾಗಿತ್ತು. ಇಬ್ಬರೂ ಪಕ್ಕಪಕ್ಕ ಮಲಗಿದ ವಿಡಿಯೋ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿ ಲೈಕ್ ಗಿಟ್ಟಿಸಿದ್ದೆವು. ಒಂದು ಬೆಳಗ್ಗೆ ನೋಡಿದರೆ ಆಮೆ ಬೆನ್ನಡಿಯಾಗಿ ಬಿದ್ದಿದೆ, ಮುಂಗಾಲಲ್ಲಿ ಸೂಜಿ ಚುಚ್ಚಿದಷ್ಟು ಗಾಯ. ನೆಟ್ಟಗೆ ಮಾಡಿ, ಅರಿಶಿನ ಹಚ್ಚಿ ಕಾಲೇಜಿಗೆ ಹೋದೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ಇಲಿಗೆ ಮಾತ್ರ ಯಾಕೆ ಹೇಳಿದರೋ!

ಎಂಟೇ ದಿನಕ್ಕೆ ಕಾಲು ಊದಿತು. ಬೆಕ್ಕಿನ ಬಾಯಲ್ಲಿ ಪ್ಯಾಸ್ಟುರೆಲ್ಲಾದಂಥ ಬ್ಯಾಕ್ಟೀರಿಯಾ ಸಾಮಾನ್ಯ. ಅದರ ಹಲ್ಲು ಸಣ್ಣದು, ಚೂಪು. ಮೇಲೆ ತೂತು ಕಾಣದಷ್ಟು ಚಿಕ್ಕದು, ಒಳಗೆ ಸೋಂಕು ಆಳಕ್ಕೆ ಹೋಗಿರುತ್ತೆ. ಸರೀಸೃಪಗಳ ಕೀವು ನಮ್ಮದರ ಹಾಗೆ ಹರಿಯೋದಿಲ್ಲ, ಗಿಣ್ಣಿನ ಹಾಗೆ ಗಟ್ಟಿಯಾಗಿ ಕೂರುತ್ತೆ. ಬರೀ ಔಷಧಿಗೆ ಅದು ಕರಗೋದು ಕಷ್ಟ, ಸಾಮಾನ್ಯವಾಗಿ ಕೊಯ್ದೇ ತೆಗೆಯಬೇಕು. ನಾವು ಮೊದಲು ಫೋನ್ ಮಾಡಿದ ಕಡೆ "ನಾವು ಬೆಕ್ಕು, ನಾಯಿ ಮಾತ್ರ ನೋಡೋದು" ಅಂದರು. ಆಮೆ ನೋಡುವ ಡಾಕ್ಟರು ಸಿಗೋಕೆ ಇನ್ನೆರಡು ದಿನ ಹೋಯ್ತು. ಆಮೆ ಉಳಿಯಿತು, ಆ ಕಾಲು ಮಾತ್ರ ಈಗಲೂ ಸ್ವಲ್ಪ ಎಳೆಯುತ್ತೆ. ಹಾಗಾಗಿ ಆಮೆ ನೋಡುವ ಡಾಕ್ಟರ ನಂಬರ್ ಈಗಲೇ ಹುಡುಕಿಟ್ಟುಕೊಳ್ಳಿ. ಬೆಕ್ಕು ಕಚ್ಚಿದ್ದು ಕಂಡರೆ ಊತಕ್ಕೆ ಕಾಯಬೇಡಿ, ಅವತ್ತೇ ಹೋಗಿ.

ಚಿಪ್ಪು ಅಂದರೆ ಮೇಲಿಂದ ಹಾಕಿದ ಹೆಲ್ಮೆಟ್ ಅಲ್ಲ. ಬೆನ್ನುಮೂಳೆ, ಪಕ್ಕೆಲುಬು ಅದಕ್ಕೇ ಬೆಸೆದುಕೊಂಡಿರುತ್ತವೆ. ಮುಟ್ಟಿದರೆ ಆಮೆಗೆ ತಿಳಿಯುತ್ತೆ, ಬಿರುಕು ಬಿಟ್ಟರೆ ಮೂಳೆ ಮುರಿದ ಹಾಗೆಯೇ. ಮರಿಗಳಲ್ಲಂತೂ ಮೆತ್ತಗಿರುತ್ತೆ. ಶ್ವಾಸಕೋಶ ಇರೋದು ಮೇಲ್ಚಿಪ್ಪಿನ ಕೆಳಗೆ. ಬೆನ್ನಡಿಯಾಗಿ ಬಿದ್ದರೆ ಹೊಟ್ಟೆಯ ಭಾರವೆಲ್ಲ ಅದರ ಮೇಲೆ. ಅದೂ ಬಿಸಿ ದೀಪದ ಕೆಳಗೆ ಬಿದ್ದರೆ ಕೆಲವೇ ಗಂಟೆಯ ಮಾತು.

ನಾವು ಇಂಜಿನಿಯರಿಂಗ್ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು ಅಂತ ಅಮ್ಮ ಹೇಳಿದ್ದು ಆಮೇಲೆ ಮಾಡಿದ ಪೆಟ್ಟಿಗೆಗೆ. ಪಕ್ಕಕ್ಕೆ ಮರದ ಹಲಗೆ, ಗಾಜಲ್ಲ. ಗಾಜಾದರೆ ಆಚೆ ದಾರಿ ಇದೆ ಅಂತ ಆಮೆ ದಿನವಿಡೀ ನೂಕುತ್ತಿರುತ್ತೆ. ಮೇಲೆ ಕೊಂಡಿ ಇರುವ ಗಟ್ಟಿ ತಂತಿ ಜಾಲರಿ. ದೀಪ ಜಾಲರಿಯ ಹೊರಗೆ, ಬರೀ ಕ್ಲಿಪ್ಪಲ್ಲಿ ಅಲ್ಲ, ಸರಪಳಿಯಲ್ಲಿ. ಬೆಕ್ಕು ಹಾರಿ ದೀಪ ಕೆಡವಿದರೆ ಆಮೆಗೆ ಮಾತ್ರವಲ್ಲ, ಮನೆಗೇ ಬೆಂಕಿ. ಯುವಿಬಿ ದೀಪ ಬೇರೆಯೇ ಬೇಕು, ಕಿಟಕಿ ಗಾಜಿನೊಳಗಿಂದ ಬರುವ ಬಿಸಿಲಲ್ಲಿ ಯುವಿಬಿ ಹೆಚ್ಚುಕಡಿಮೆ ಇರೋದೇ ಇಲ್ಲ. ಜಾಲರಿಯೂ ಸ್ವಲ್ಪ ತಡೆಯುತ್ತೆ, ದೂರದ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಆಮೆಯನ್ನು ಹೊರಗೆ ಓಡಾಡಲು ಬಿಡುವಾಗ ಬೆಕ್ಕು ಬೇರೆ ರೂಮಲ್ಲಿ, ಬಾಗಿಲು ಹಾಕಿ. "ನಾವು ನೋಡ್ತಾ ಇರ್ತೀವಿ" ಅನ್ನೋದು ಫೋನ್ ರಿಂಗಾಗೋವರೆಗೆ ಮಾತ್ರ. ತಪ್ಪು ಆಮೆಯ ಕಡೆಯಿಂದಲೂ ಆಗುತ್ತೆ: ಬೆಕ್ಕಿನ ತಟ್ಟೆಯಲ್ಲಿರೋದನ್ನು ತಿನ್ನುತ್ತೆ, ಲಿಟರ್ ಬಾಕ್ಸಿನಲ್ಲಿರೋದನ್ನೂ ಬಿಡಲ್ಲ. ಸೊಪ್ಪು ತಿನ್ನುವ ಪ್ರಾಣಿಗೆ ಅಷ್ಟು ಪ್ರೋಟೀನ್ ಒಳ್ಳೇದಲ್ಲ. ಎರಡನ್ನೂ ಎತ್ತರದಲ್ಲಿಡಿ. ನಾಯಿ ಇದ್ದರೆ ಇನ್ನೂ ಬಿಗಿ ಬೇಕು. ಎಷ್ಟೇ ಸಾಧು ನಾಯಿಯಾದರೂ ಅದಕ್ಕೆ ಚಿಪ್ಪು ಅಂದರೆ ಎಲುಬು, ಕೂತು ಕಡಿಯುತ್ತೆ. ಜೊತೆಗಿರಲಿ ಅಂತ ಎರಡನೇ ಆಮೆ ತರಬೇಡಿ, ಗಂಡು ಗಂಡು ಸೇರಿದರೆ ಗುದ್ದಿ ಮಗುಚಿ ಹಾಕುತ್ತವೆ. ಆಮೆ ಮುಟ್ಟಿದ ಮೇಲೆ ಕೈಗೆ ಸೋಪು ಹಾಕಿ, ಅಡುಗೆಮನೆ ಸಿಂಕಲ್ಲಿ ಅದನ್ನು ತೊಳೆಯಬೇಡಿ. ಸಾಲ್ಮೊನೆಲ್ಲಾ ಬರೋದು ಹೀಗೇ.

ಊರಿಗೆ ಹೋದಾಗ ನಕ್ಷತ್ರ ಆಮೆ ಸಾಕೋಣ ಅಂತ ಯಾರಾದರೂ ಆಸೆಪಟ್ಟಿದ್ದರೆ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಈಗ ರಾತ್ರಿ ವಿಡಿಯೋ ಕಾಲ್ ಮಾಡಿದಾಗ ಅಮ್ಮ ಮೊದಲು ಪೆಟ್ಟಿಗೆ ಕಡೆ ಫೋನ್ ತಿರುಗಿಸುತ್ತಾರೆ. ಜಾಲರಿ ಮೇಲೆ ಬೆಕ್ಕು ಸುರುಳಿ ಸುತ್ತಿ ಮಲಗಿರುತ್ತೆ, ಕೆಳಗೆ ಆಮೆ. ಬೆಕ್ಕು ದಪ್ಪಗಾಗಿದೆ, ಜಾಲರಿ ನಡುವೆ ಬಗ್ಗಿದೆ. ಹೋದ ವಾರ ಅಪ್ಪನಿಗೆ ಹೇಳಿ ಅಡ್ಡಕ್ಕೆ ಇನ್ನೊಂದು ಪಟ್ಟಿ ಹೊಡೆಸಿದ್ದೇವೆ.