ಹಲ್ಲೂ ಹಲ್ಲೂ

ಗುರುವಾರ ಹೈದರಾಬಾದಿನ ಪುರಾನಾ ಪುಲ್ ಹತ್ತಿರದ ಜುಮೇರಾತ್ ಬಜಾರಿನಲ್ಲಿ ನೆಲವೇ ಅಂಗಡಿ. ತಾಡಪತ್ರಿಯ ಮೇಲೆ ತುಕ್ಕು ಹಿಡಿದ ನಲ್ಲಿ, ಜಾರಿಲ್ಲದ ಮಿಕ್ಸಿ, ಜೋಡಿ ತಪ್ಪಿದ ಬೂಟು. ಅವುಗಳ ಮಗ್ಗುಲಲ್ಲಿ ಕೀಲಿಕೈ ಕಳೆದುಕೊಂಡ ಬೀಗಗಳ ಗುಡ್ಡೆ. ಒಂದೊಂದೂ ಯಾವ ಮನೆಯ ಯಾವ ಕದ ಕಾದಿತ್ತೋ, ಈಗ ಕೊಂಡಿ ಕಚ್ಚಿಕೊಂಡು ಕೂತಿವೆ. ಮಾರುವವನಿಗೆ ಅವು ಹಿತ್ತಾಳೆಯ ತೂಕ. ನಾನು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಕಿಂಡಿಯೊಳಗೆ ಇಣುಕುತ್ತೇನೆ. ಸಾಲಾಗಿ ಐದು ಪಿನ್ನುಗಳ ಮಿನುಗು ಕಂಡರೆ ಆ ವಾರಕ್ಕೆ ಅಷ್ಟು ಸಾಕು.

ಬೀಗವನ್ನು ಕೀಲಿಕೈಯಿಲ್ಲದೆ, ಒಡೆಯದೆ ತೆರೆಯುವುದು ನನ್ನ ಹವ್ಯಾಸ. ಸಾಮಾನು ಎರಡೇ. ಕಾರಿನ ವೈಪರ್‌ ಒಳಗಿನ ಉಕ್ಕಿನ ಪಟ್ಟಿಯನ್ನು ಬಗ್ಗಿಸಿಕೊಂಡದ್ದು ಒಂದು, ತುದಿ ಕೊಕ್ಕೆಯಾದ ತೆಳ್ಳನೆಯ ಕಡ್ಡಿ ಇನ್ನೊಂದು. ಕಾಚಿಗುಡದ ಕೋಣೆಯಲ್ಲಿ ರಾತ್ರಿ ಫ್ಯಾನನ್ನೂ ನಿಲ್ಲಿಸಿ ಕೂರುತ್ತೇನೆ. ಸದ್ದು ಅಷ್ಟು ಸಣ್ಣದು.

ಒಳಗೆ ತಿರುಗುವ ಉರುಳೆ. ಅದರ ಮೇಲಿನ ಒಂದೊಂದು ತೂತಿನಲ್ಲೂ ಎರಡೆರಡು ಪಿನ್ನು, ಬೆನ್ನಿಗೆ ಒಂದು ಸ್ಪ್ರಿಂಗ್. ಕೀಲಿಕೈಯ ಹಲ್ಲುಗಳು ಎಲ್ಲವನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಮಾತ್ರ ಉರುಳೆ ತಿರುಗುತ್ತದೆ. ಪುರಾತನ ಈಜಿಪ್ಟಿನ ಮರದ ಬೀಗದಲ್ಲೇ ಇದ್ದ ಈ ಉಪಾಯವನ್ನು ಅಮೆರಿಕದ ಕಿರಿಯ ಲೈನಸ್ ಯೇಲ್ 1860ರ ದಶಕದಲ್ಲಿ ಅಂಗೈಯಗಲದ ಲೋಹಕ್ಕೆ ಇಳಿಸಿದ. ತೂತುಗಳು ಕೂದಲೆಳೆಯಷ್ಟಾದರೂ ಸಾಲು ತಪ್ಪಿರುತ್ತವೆ. ಹಾಗಾಗಿ ಪಟ್ಟಿಯಿಂದ ಉರುಳೆಯನ್ನು ತುಸುವೇ ತಿರುಗಿಸಿ ಹಿಡಿದರೆ ಐದರಲ್ಲಿ ಒಂದು ಪಿನ್ನು ಮಾತ್ರ ಬಿಗಿಯುತ್ತದೆ. ಅದನ್ನು ಕಡ್ಡಿಯಿಂದ ಎತ್ತಿದರೆ 'ಟಿಕ್'. ಆಮೇಲೆ ಇನ್ನೊಂದು. ಸಾದಾ ಬೀಗ ಹೀಗೆ ಬಿಚ್ಚಿಕೊಳ್ಳುತ್ತದೆ.

ಈ ಸಲದ್ದು ಸಾದಾ ಆಗಿರಲಿಲ್ಲ. ನಾಲ್ಕು ಟಿಕ್ ಆದಮೇಲೆ ಉರುಳೆ ಗಕ್ಕನೆ ವಾಲಿತು. ತೆರೆಯಿತು ಎಂದು ಎದೆ ಹಾರಿತು. ತೆರೆಯಲಿಲ್ಲ. ಇಂಥ ಬೀಗದಲ್ಲಿ ಜೋಡಿಯ ಮೇಲಿನ ಪಿನ್ನು ನೇರವಾದ ಕಂಬಿಯಲ್ಲ, ಡಮರುವಿನ ಹಾಗೆ ನಡು ಸಣ್ಣಗಿರುತ್ತದೆ. ಆ ಸಣ್ಣ ನಡುವಿಗೆ ಉರುಳೆಯ ಅಂಚು ಸಿಕ್ಕಿಕೊಂಡು, ಗೆದ್ದೆ ಎಂಬ ಸುಳ್ಳು ಭರವಸೆ ಕೊಡುತ್ತದೆ. ಅಣಬೆಯ ಆಕಾರದ್ದು, ತಿರುಪು ಮೊಳೆಯಂತೆ ಗೀರು ಕೊರೆದದ್ದು, ಹೀಗೆ ಬೇರೆ ಪಿನ್ನುಗಳೂ ಇವೆ. ಮೋಸದ ಕಲೆ ಹಳೆಯದು: ಲಂಡನ್ನಿನ ಬ್ರಾಮಾ ಬೀಗದೊಳಗೂ ದಾರಿ ತಪ್ಪಿಸುವ ಸುಳ್ಳು ಕಚ್ಚುಗಳಿದ್ದವು. ತೆರೆದವರಿಗೆ 200 ಗಿನಿ ಎಂದು ಅಂಗಡಿಯ ಕಿಟಕಿಯಲ್ಲಿ ದಶಕಗಟ್ಟಲೆ ಸವಾಲು ಹಾಕಿ ಕೂತಿದ್ದ ಬೀಗ ಅದು. 1851ರಲ್ಲಿ ಅಮೆರಿಕದ ಎ. ಸಿ. ಹಾಬ್ಸ್ ಅದನ್ನು ತೆರೆಯಲು 16 ದಿನಗಳಲ್ಲಿ ಹಂಚಿ 51 ಗಂಟೆ ತೆಗೆದುಕೊಂಡ. ಆ ಗಂಟೆಗಳನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ನನ್ನದು ಮೂರು ರಾತ್ರಿಯಾಯಿತು. ಗುರುವಾರ ಬೀಗವನ್ನು ಜೇಬಿಗೆ ಹಾಕಿಕೊಂಡು, ಫುಟ್‌ಪಾತಿನಲ್ಲಿ ಕೀಲಿಕೈ ಕೊರೆಯುವ ಚಾಚಾನ ಪಕ್ಕ ಕೂತೆ. ಅವರ ತಲೆಯ ಮೇಲೆ ತಂತಿಗೆ ಪೋಣಿಸಿದ, ಹಲ್ಲು ಕೊರೆಯದ ಖಾಲಿ ಕೀಲಿಕೈಗಳು ಗಾಳಿಗೆ ಕಿಣಿಕಿಣಿ ಎನ್ನುತ್ತಿದ್ದವು. ಮೊಣಕಾಲ ಸಂದಿಯಲ್ಲಿ ಪುಟ್ಟ ಹಿಡಿಕಟ್ಟು, ಕೈಯಲ್ಲಿ ಅರ. ನನ್ನ ಹೆಬ್ಬೆರಳು ಪಟ್ಟಿಯ ಮೇಲೆ ಬಿಳಿಚಿಕೊಂಡದ್ದನ್ನು ನೋಡಿ, "ಹಲ್ಲೂ ಬೇಟಾ, ಹಲ್ಲೂ. ಇತ್ತಾ ಜೋರ್ ನಕ್ಕೋ" ಎಂದರು.

ದಖ್ಖನಿಯಲ್ಲಿ ಹಲ್ಲೂ ಎಂದರೆ ಮೆಲ್ಲಗೆ, ನಕ್ಕೋ ಎಂದರೆ ಬೇಡ. ನಾನು ಬೀದರಿನವನು. 1956ರವರೆಗೆ ನಮ್ಮೂರೂ ಈ ಊರೂ ಮೊದಲು ಒಂದೇ ಸಂಸ್ಥಾನದಲ್ಲಿ, ಆಮೇಲೆ ಒಂದೇ ರಾಜ್ಯದಲ್ಲಿ ಇದ್ದವು. ಈ ಮಾತು ಕೇಳುತ್ತಲೇ ಬೆಳೆದೆ. ಆದರೂ ಆ ಹೊತ್ತು ಕಿವಿಗೆ ಮೊದಲು ಬಿದ್ದದ್ದು ಕನ್ನಡದ ಹಲ್ಲು. ಎರಡೂ ಸರಿಯೇ ಅನ್ನಿಸಿತು.

ಹೆಬ್ಬೆರಳು ಸಡಿಲಿಸಿದೆ. ವಾಲಿದ ಉರುಳೆಯಲ್ಲಿ ಒಂದೊಂದೇ ಪಿನ್ನನ್ನು ಮುಟ್ಟಿ ನೋಡಿದೆ. ಮೂರನೆಯದನ್ನು ಒತ್ತಿದಾಗ ಉರುಳೆ ನನ್ನ ಬೆರಳಿನ ವಿರುದ್ಧ ಹಿಂದಕ್ಕೆ ತಳ್ಳಿತು. ಡಮರು ಅಲ್ಲಿತ್ತು. ಆವರೆಗೆ ನಾನು ಆ ತಳ್ಳಾಟವನ್ನು ಸೋಲೆಂದು ತಿಳಿದು ಬಿಗಿ ಹಿಡಿಯುತ್ತಿದ್ದೆ. ಅದು ಹಿಂದೆ ಸರಿಯಲು ಬಿಡಬೇಕು. ಬಿಟ್ಟರೆ ಪಿನ್ನಿನ ಅಗಲ ತುದಿ ಅಂಚನ್ನು ದಾಟುತ್ತದೆ. ತುಸು ಹೆಚ್ಚು ಬಿಟ್ಟರೆ ಗೆದ್ದ ನಾಲ್ಕೂ ಉದುರುತ್ತವೆ. ಎರಡು ಸಲ ಉದುರಿದವು. ಮೂರನೆಯ ಸಲ ಉರುಳೆ ಮೆಲ್ಲಗೆ ಹಿಂದೆ ಬಂತು, ಅಕ್ಕಿಕಾಳು ಮುರಿದಂಥ ಸದ್ದಾಯಿತು, ಉರುಳೆ ಮುಂದಕ್ಕೆ ಹೊರಳಿ ಕೊಂಡಿ ಟಣ್ಣನೆ ಚಿಮ್ಮಿತು.

ಈ ಹವ್ಯಾಸದವರು ಜಗತ್ತಿನೆಲ್ಲೆಡೆ ಎರಡು ಕಟ್ಟಳೆ ಪಾಲಿಸುತ್ತಾರೆ: ನಿನ್ನದಲ್ಲದ ಬೀಗವನ್ನು ಒಡೆಯರ ಒಪ್ಪಿಗೆಯಿಲ್ಲದೆ ಮುಟ್ಟಬೇಡ, ಬಳಕೆಯಲ್ಲಿರುವ ಬೀಗವನ್ನು ನಿನ್ನದಾದರೂ ಮುಟ್ಟಬೇಡ. ಕಡ್ಡಿಯಾಟದಿಂದ ಪಿನ್ನು ಸವೆದು, ಬೇಕಾದ ಹೊತ್ತಿಗೆ ಬಾಗಿಲು ಕೈಕೊಡಬಹುದು. ನಾನು ಎರಡನ್ನೂ ಮೀರಿಲ್ಲ.

ಚಾಚಾ ಬೀಗವನ್ನು ಇಸಿದುಕೊಂಡರು. ಖಾಲಿ ಕೀಲಿಕೈಯೊಂದನ್ನು ತುರುಕಿ ಹೊರಳಿಸಿ, ಹೊರಗೆಳೆದು, ಬಿಸಿಲಿಗೆ ಓರೆಯಾಗಿ ಹಿಡಿದರು. ಪಿನ್ನು ಒತ್ತಿದಲ್ಲಿ ಸಾಸಿವೆಗಿಂತ ಸಣ್ಣ ಗುರುತು. ಅಲ್ಲಿ ಅರದಿಂದ ಎರಡು ಸಲ ತೀಡಿ, ಮತ್ತೆ ತುರುಕಿ, ಮತ್ತೆ ನೋಡಿದರು. ಹಿತ್ತಾಳೆಯ ಪುಡಿ ಅವರ ಲುಂಗಿಯ ಮೇಲೆ ಉದುರುತ್ತಿತ್ತು. ಒಂದೊಂದಾಗಿ ಐದು ಹಲ್ಲು ಮೂಡಿದವು.