ವಾಯುಮಾಲಿನ್ಯ: ಘಟಕದ ಲೆಕ್ಕ, ಬಡಾವಣೆಯ ಲೆಕ್ಕ

ಚಿಮಣಿಯ ಹೊಗೆ ನಿಗದಿತ ಮಿತಿಯೊಳಗಿದ್ದರೆ ಘಟಕದ ಹೊಣೆ ಮುಗಿಯಿತೆಂಬುದು ಉದ್ಯಮಿಗಳಲ್ಲಿ ರೂಢಿಯಲ್ಲಿರುವ ತಿಳಿವಳಿಕೆ. ಆದರೆ ಸಮೀಪದ ಬಡಾವಣೆಯ ನಿವಾಸಿಗಳು ಒಂದೇ ಚಿಮಣಿಯ ಗಾಳಿಯನ್ನು ಉಸಿರಾಡುವುದಿಲ್ಲ. ಫೌಂಡ್ರಿ, ಬಾಯ್ಲರ್, ಡೀಸೆಲ್ ಜನರೇಟರ್ ಹಾಗೂ ಲಾರಿಗಳ ಹೊಗೆ, ರಸ್ತೆಯ ಧೂಳು ಎಲ್ಲವೂ ಅವರ ಶ್ವಾಸಕೋಶದಲ್ಲಿ ಒಟ್ಟುಗೂಡುತ್ತವೆ. ಈ ಒಟ್ಟು ಹೊರೆಯಿಂದಾಗುವ ಹಾನಿಯನ್ನು ಅಳೆಯುವುದೇ ಸಂಚಿತ ಅಪಾಯದ ಅಂದಾಜು.

ಇದರ ಸರಳ ವಿಧಾನ ಹೀಗಿದೆ. ಗಾಳಿಯಲ್ಲಿರುವ ಪ್ರತಿಯೊಂದು ಮಾಲಿನ್ಯಕಾರಕದ ಪ್ರಮಾಣವನ್ನು ಅದರ ಸುರಕ್ಷಿತ ಮಟ್ಟದಿಂದ ಭಾಗಿಸಬೇಕು. ಒಂದೇ ಅಂಗವನ್ನು ಬಾಧಿಸುವವುಗಳ ಭಾಗಲಬ್ಧಗಳನ್ನು ಕೂಡಬೇಕು. ಉದಾಹರಣೆಗೆ, ಶ್ವಾಸಕೋಶಕ್ಕೆ ಹಾನಿಕರವಾದ ಎರಡು ಅನಿಲಗಳ ಭಾಗಲಬ್ಧ 0.6 ಹಾಗೂ 0.7 ಎಂದಿಟ್ಟುಕೊಳ್ಳೋಣ. ಪ್ರತ್ಯೇಕವಾಗಿ ಎರಡೂ ಮಿತಿಯೊಳಗಿವೆ. ಮೊತ್ತ ಮಾತ್ರ 1.3. ಮೊತ್ತವು 1ನ್ನು ಮೀರಿದಲ್ಲಿ ಎಚ್ಚರಿಕೆ ಅಗತ್ಯ. ಮಕ್ಕಳು, ವೃದ್ಧರು ಮತ್ತು ಆಸ್ತಮಾ ರೋಗಿಗಳಿಗೆ ಅಪಾಯ ಇನ್ನೂ ಹೆಚ್ಚು.

ಈ ಲೆಕ್ಕ ವ್ಯವಹಾರಕ್ಕೂ ತಟ್ಟುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ 88 ಕೈಗಾರಿಕಾ ಪ್ರದೇಶಗಳನ್ನು ಸಮಗ್ರ ಪರಿಸರ ಮಾಲಿನ್ಯ ಸೂಚ್ಯಂಕದಿಂದ ಅಳೆಯಿತು. ಗಾಳಿ, ನೀರು, ನೆಲಗಳ ಜೊತೆಗೆ ಬಾಧಿತರಾಗಬಹುದಾದ ಜನಸಂಖ್ಯೆಯನ್ನೂ ಪರಿಗಣಿಸಲಾಯಿತು. 70 ಅಂಕ ಮೀರಿದ 43 ಪ್ರದೇಶಗಳಲ್ಲಿ ಮಂಗಳೂರು ಹಾಗೂ ಭದ್ರಾವತಿ ಸೇರಿದ್ದವು. 2010ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಈ ಪ್ರದೇಶಗಳ ಯೋಜನೆಗಳಿಗೆ ಪರಿಸರ ಅನುಮತಿ ನೀಡುವ ಪ್ರಕ್ರಿಯೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ತಡೆ ಅನ್ವಯವಾದುದು ಇಡೀ ಪ್ರದೇಶಕ್ಕೆ. ತಪ್ಪೆಸಗಿದ ಘಟಕಗಳಿಗಷ್ಟೇ ಅಲ್ಲ.

ಆದ್ದರಿಂದ ಕೈಗಾರಿಕಾ ವಸಾಹತುಗಳ ಸಂಘಗಳು ಜಂಟಿಯಾಗಿ ಗಾಳಿಯ ಮಾಪನ ನಡೆಸಿ, ಸ್ವಚ್ಛ ಇಂಧನದ ಬಳಕೆ ಹಾಗೂ ಒಳರಸ್ತೆಗಳ ಧೂಳು ನಿವಾರಣೆಗೆ ವೆಚ್ಚ ಹಂಚಿಕೊಳ್ಳುವುದು ಲೇಸು. ನೆರೆಹೊರೆಯ ಆರೋಗ್ಯ ಕಾಪಾಡುವ ಈ ವೆಚ್ಚ ಉದ್ಯಮದ ಭವಿಷ್ಯವನ್ನೂ ಕಾಪಾಡುತ್ತದೆ.